ಜಪಸರ ಹಿಡಿದ ಭೌತವಿಜ್ಞಾನಿ

ಮನೆಗೆ ವಿದ್ಯುತ್ ಕೆಲಸಕ್ಕೆ ಬಂದವರು ‘6 ಆಂಪೇರ್ ಸಾಕೆಟ್’, ‘16 ಆಂಪೇರ್ ಸಾಕೆಟ್’ ಎನ್ನುವುದನ್ನು ನಾವೆಲ್ಲರೂ ಕೇಳಿದ್ದೇವೆ. ಆದರೆ ಅದು ಒಬ್ಬ ಮನುಷ್ಯನ ಹೆಸರೆಂಬುದು ನಮ್ಮ ನೆನಪಿಗೆ ಬರುವುದು ಅಪರೂಪ. 1881ರಲ್ಲಿ ಪ್ಯಾರಿಸಿನಲ್ಲಿ ಸೇರಿದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನವು ವಿದ್ಯುತ್ ಪ್ರವಾಹದ ಅಳತೆಗೆ ಆಂದ್ರೆ ಮಾರಿ ಆಂಪೇರ್ ಅವರ ಹೆಸರನ್ನು ಇರಿಸಿತು. ವಿಜ್ಞಾನ ಓದಿದ ಮಕ್ಕಳು ದೇವರನ್ನು ಬಿಟ್ಟಾರು ಎಂಬ ಅಳುಕು ನಮ್ಮ ಕೆಲವು ಹೆತ್ತವರಲ್ಲಿದೆ. ಮನಸ್ಸಿನಲ್ಲಿ ಸಂಶಯ ಹುಟ್ಟಿದ ಮೇಲೆ ದೇವಾಲಯದಲ್ಲಿ ತಮಗೇನು ಕೆಲಸ ಎಂದು ಕೇಳುವ ತರುಣರೂ ನಮ್ಮಲ್ಲಿದ್ದಾರೆ. ಈ ಎರಡೂ ಬಗೆಯವರು ಆಂಪೇರರ ಜೀವನವನ್ನು ಅರಿಯುವುದು ಒಳಿತು.

ಆಂಪೇರರು 1775ರ ಜನವರಿ 20ರಂದು ಫ್ರಾನ್ಸಿನ ಲಿಯೋನ್ ನಗರದಲ್ಲಿ ಜನಿಸಿದರು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ವ್ಯಾಪಾರಿಯಾಗಿದ್ದ ತಂದೆ ರೂಸೋನ ಶಿಕ್ಷಣತತ್ತ್ವವನ್ನು ಮೆಚ್ಚಿದ್ದವರು. ಹಳ್ಳಿಮನೆಯಲ್ಲಿದ್ದ ತಮ್ಮ ಪುಸ್ತಕ ಭಂಡಾರವನ್ನು ಮಗನ ಮುಂದೆ ತೆರೆದಿಟ್ಟು, ಬೇಕಾದುದನ್ನು ಓದಿಕೊಳ್ಳಲು ಬಿಟ್ಟರು. ಬಾಲಕ ವಿಶ್ವಕೋಶದ ಸಂಪುಟಗಳಲ್ಲಿ ಮುಳುಗಿದ. ಆಯ್ಲರ್ ಮತ್ತು ಬರ್ನೂಲಿಯವರ ಗಣಿತಗ್ರಂಥಗಳನ್ನು ಓದಲೆಂದೇ ಲ್ಯಾಟಿನ್ ಕಲಿತ. ದೈವಭಕ್ತೆಯಾದ ತಾಯಿ ಅವನನ್ನು ವಿಶ್ವಾಸದಲ್ಲಿ ಬೆಳೆಸಿದಳು.

ಈ ನೆಮ್ಮದಿಯ ಮನೆಯ ಮೇಲೆ ಕ್ರಾಂತಿಯ ಸಿಡಿಲು ಎರಗಿತು. ಲಿಯೋನಿನಲ್ಲಿ ನ್ಯಾಯಾಧಿಕಾರಿಯಾಗಿದ್ದ ತಂದೆಯನ್ನು 1793ರ ನವೆಂಬರಿನಲ್ಲಿ ಗಿಲೊಟಿನ್ ಯಂತ್ರಕ್ಕೆ ತಲೆಗೊಡಿಸಿದರು. ಆಗ ಮಗನಿಗೆ 18 ವರ್ಷ. ಒಂದು ವರ್ಷಕ್ಕೂ ಮಿಗಿಲಾಗಿ ಆತ ಗಣಿತವನ್ನೂ ಮುಟ್ಟದೆ ಮಂಕಾಗಿ ಕುಳಿತ. ಅವನನ್ನು ಮರಳಿ ಬದುಕಿಗೆ ಕರೆತಂದುದು ಸಸ್ಯಶಾಸ್ತ್ರ ಮತ್ತು ಲ್ಯಾಟಿನ್ ಕಾವ್ಯ.

1799ರಲ್ಲಿ ಆಂಪೇರರು ಜೂಲಿ ಕಾರೋನ್ ಅವರನ್ನು ವಿವಾಹವಾದರು. ಮರುವರ್ಷ ಗಂಡುಮಗು ಹುಟ್ಟಿತು. ಹೆಂಡತಿಯ ಆರೋಗ್ಯ ಕೆಟ್ಟಿತು. ಸಂಸಾರ ಸಾಗಬೇಕಲ್ಲ! 1802ರಲ್ಲಿ ಅಸ್ವಸ್ಥ ಪತ್ನಿಯನ್ನು ಲಿಯೋನಿನಲ್ಲಿ ಬಿಟ್ಟು, ಬೂರ್ಗ್ ಪಟ್ಟಣದ ಶಾಲೆಯಲ್ಲಿ ಭೌತ ಮತ್ತು ರಸಾಯನಶಾಸ್ತ್ರಗಳ ಅಧ್ಯಾಪಕರಾದರು. ಜೂಜಿನ ಗಣಿತವನ್ನು ಕುರಿತ ಅವರ ಮೊದಲ ಪ್ರಬಂಧ ಅಲ್ಲಿ ಸಿದ್ಧವಾಯಿತು. ಅದರ ಬಲದಿಂದ ಲಿಯೋನಿನಲ್ಲಿಯೇ ಹುದ್ದೆಯೂ ದೊರೆಯಿತು. ಆದರೆ ಅವರು ಮರಳಿದ ಕೆಲವೇ ತಿಂಗಳಲ್ಲಿ, 1803ರ ಜುಲೈಯಲ್ಲಿ, ಜೂಲಿ ತೀರಿಕೊಂಡರು.

ಆ ಊರಿನಲ್ಲಿ ಇರಲಾಗದೆ ಅವರು 1804ರಲ್ಲಿ ಪ್ಯಾರಿಸಿಗೆ ಹೊರಟರು. ಪದವಿಯಿಲ್ಲದ ಈ ಮನುಷ್ಯ ಹೆಸರಾಂತ ಎಕೋಲ್ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ಸಹಾಯಕ ಬೋಧಕರಾಗಿ ಸೇರಿ, 1809ರಲ್ಲಿ ಅಲ್ಲಿಯೇ ಪ್ರಾಧ್ಯಾಪಕರಾದರು. 1808ರಲ್ಲಿ ಶಿಕ್ಷಣ ಇಲಾಖೆಯ ಮಹಾ ತಪಾಸಣಾಧಿಕಾರಿ, 1814ರಲ್ಲಿ ವಿಜ್ಞಾನ ಅಕಾಡೆಮಿಯ ಸದಸ್ಯ, 1824ರಲ್ಲಿ ಕಾಲೇಜ್ ದ ಫ್ರಾನ್ಸಿನಲ್ಲಿ ಪ್ರಾಯೋಗಿಕ ಭೌತಶಾಸ್ತ್ರದ ಪ್ರಾಧ್ಯಾಪಕ, ಹೀಗೆ ಹುದ್ದೆಗಳು ಒಂದರ ಹಿಂದೊಂದು ಬಂದವು. ಮನೆಯಲ್ಲಿ ಮಾತ್ರ ಸುಖವಿರಲಿಲ್ಲ. 1806ರಲ್ಲಿ ಮಾಡಿಕೊಂಡ ಎರಡನೆಯ ವಿವಾಹ ಬೇಗನೆ ಮುರಿದುಬಿತ್ತು.

ಅವರ ಹೆಸರನ್ನು ಅಮರಗೊಳಿಸಿದ್ದು 1820ನೆಯ ವರ್ಷ. ವಿದ್ಯುತ್ ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಪಕ್ಕಕ್ಕೆ ಹೊರಳುತ್ತದೆ ಎಂದು ಡೆನ್ಮಾರ್ಕಿನ ಅರ್ಸ್ಟೆಡ್ ಅವರು ಕಂಡುಕೊಂಡಿದ್ದ ಸುದ್ದಿ ಸೆಪ್ಟೆಂಬರಿನಲ್ಲಿ ಪ್ಯಾರಿಸಿಗೆ ತಲುಪಿತು. ಅದೇ ತಿಂಗಳ 18ರಂದು ಆಂಪೇರರು ಅಕಾಡೆಮಿಯ ಮುಂದೆ ತಮ್ಮ ವಿವರಣೆಯನ್ನಿಟ್ಟರು. ಸಮಾನಾಂತರವಾದ ಎರಡು ತಂತಿಗಳಲ್ಲಿ ವಿದ್ಯುತ್ ಒಂದೇ ದಿಕ್ಕಿಗೆ ಹರಿದರೆ ಅವು ಒಂದನ್ನೊಂದು ಸೆಳೆಯುತ್ತವೆ, ವಿರುದ್ಧ ದಿಕ್ಕಿಗೆ ಹರಿದರೆ ದೂಡುತ್ತವೆ ಎಂದು ಪ್ರಯೋಗದಿಂದ ತೋರಿಸಿದರು. ಅಯಸ್ಕಾಂತದ ಒಳಗೂ ಕಣ್ಣಿಗೆ ಕಾಣದ ಕಿರುಪ್ರವಾಹಗಳು ಸುತ್ತುತ್ತಿವೆ, ಕಾಂತಶಕ್ತಿಯೆಂದರೆ ಚಲಿಸುವ ವಿದ್ಯುತ್ತೇ ಎಂದು ಸಾರಿದರು. ಮುಂದೆ ಮ್ಯಾಕ್ಸ್‌ವೆಲ್ ಅವರು ಆಂಪೇರರನ್ನು ವಿದ್ಯುತ್ತಿನ ನ್ಯೂಟನ್ ಎಂದು ಕರೆದರು.

ಇಲ್ಲಿ ತತ್ತ್ವಶಾಸ್ತ್ರದ ಒಂದು ಮಾತು. ನಮಗೆ ತಿಳಿಯುವುದು ತೋರಿಕೆಗಳು ಮಾತ್ರ, ಅವುಗಳ ಹಿಂದಿರುವ ವಸ್ತು ನಮ್ಮ ಅರಿವಿಗೆ ಎಟುಕದು ಎಂದು ಕ್ಯಾಂಟ್ ಹೇಳಿದ್ದರು. ಅವರನ್ನು ಓದಿದ್ದ ಆಂಪೇರರು ಈ ಮಾತನ್ನು ಪೂರ್ತಿ ಒಪ್ಪಲಿಲ್ಲ. ತೋರಿಕೆಯ ಹಿಂದಿನ ಸತ್ಯಗಳ ಪರಸ್ಪರ ಸಂಬಂಧವನ್ನು ಊಹಿಸಿ, ಆ ಊಹೆಯನ್ನು ಅನುಭವದ ಒರೆಗೆ ಹಚ್ಚಬಹುದು ಎಂಬುದು ಅವರ ನಿಲುವು. ಇದು ದೇವರಿಗೆ ಪುರಾವೆಯಲ್ಲ, ಹಾಗೆಂದು ನಾವು ಹೇಳಲಾರೆವು. ಆದರೆ ಕಾಣದ್ದೆಲ್ಲ ಇಲ್ಲವೆಂದು ತೀರ್ಮಾನಿಸುವುದು ವಿಜ್ಞಾನವಲ್ಲ ಎಂಬುದನ್ನು ಅದು ಕಲಿಸುತ್ತದೆ.

ಹಾಗಾದರೆ ಅವರ ವಿಶ್ವಾಸ ಅಲುಗದ ಬಂಡೆಯಾಗಿತ್ತೇ? ಇರಲಿಲ್ಲ. ಜೂಲಿಯವರ ಮರಣಾನಂತರ ಲಿಯೋನಿನ ಗೆಳೆಯರೊಡನೆ ಕ್ರೈಸ್ತ ಸಂಘವನ್ನು ಕಟ್ಟಿದವರೇ ಪ್ಯಾರಿಸಿನಲ್ಲಿ ಸಂಶಯಕ್ಕೆ ಸಿಲುಕಿದರು. ನಂಬಲಾರದ, ನಂಬದೆ ಇರಲಾರದ ಸಂಕಟದಲ್ಲಿ ವರ್ಷಗಳನ್ನು ಕಳೆದರು. 1817ರ ಸುಮಾರಿಗೆ ಅವರು ಧರ್ಮಸಭೆಯ ಮಡಿಲಿಗೆ ಮರಳಿದರು. ಪ್ರೇಷಿತ ತೋಮರ ಹಾಗೆ ಸಂಶಯಪಟ್ಟು, ಆಮೇಲೆ ಮೊಣಕಾಲೂರಿದವರು ಅವರು.

ಆ ಮೊಣಕಾಲೂರಿದ ನೋಟ ಇನ್ನೊಬ್ಬರ ಬಾಳಿಗೆ ಬೆಳಕಾಯಿತು. 1831ರಲ್ಲಿ ಕಾನೂನು ಓದಲು ಲಿಯೋನಿನಿಂದ ಪ್ಯಾರಿಸಿಗೆ ಬಂದ 18 ವರ್ಷದ ಫ್ರೆಡರಿಕ್ ಓಝನಾಂ ಅವರಿಗೆ ಆಂಪೇರರು ತಮ್ಮ ಮನೆಯಲ್ಲಿಯೇ ಆಶ್ರಯ ನೀಡಿದರು. ಧರ್ಮವನ್ನು ಹೀಗಳೆಯುವವರ ನಡುವೆ ಆ ತರುಣನ ಮನಸ್ಸು ಕುಗ್ಗಿತ್ತು. ಒಂದು ದಿನ ಆತ ಸಂತ ಸ್ತೇಫಾನರ ದೇವಾಲಯವನ್ನು ಹೊಕ್ಕಾಗ, ಮೂಲೆಯೊಂದರಲ್ಲಿ ವಯಸ್ಸಾದವರೊಬ್ಬರು ಜಪಸರ ಹಿಡಿದು ಪ್ರಾರ್ಥಿಸುತ್ತಿದ್ದರು. ನೋಡಿದರೆ, ಆಂಪೇರರು! ಯಾವ ಪುಸ್ತಕವೂ ಯಾವ ಪ್ರಸಂಗವೂ ಮಾಡದ ಕೆಲಸವನ್ನು ಆ ಜಪಸರ ಮಾಡಿತೆಂದು ಓಝನಾಂ ಮುಂದೆ ಹೇಳುತ್ತಿದ್ದರೆಂದು ಅವರ ಚರಿತ್ರಕಾರರು ಬರೆದಿದ್ದಾರೆ. 1833ರಲ್ಲಿ ಓಝನಾಂ ಬೆರಳೆಣಿಕೆಯ ಗೆಳೆಯರೊಡನೆ ಆರಂಭಿಸಿದ ಸೇವೆಯೇ ಸಂತ ವಿನ್ಸೆಂಟ್ ದೆ ಪೌಲರ ಸಭೆ. ಇಂದು ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ಬಡವರ ಬಾಗಿಲಿಗೆ ಹೋಗುತ್ತಿರುವುದು ಅದೇ ಸಭೆ. ಪೋಪ್ ಎರಡನೇ ಜಾನ್ ಪೌಲರು 1997ರಲ್ಲಿ ಓಝನಾಂ ಅವರನ್ನು ಪುನೀತರೆಂದು ಘೋಷಿಸಿದರು.

ತಪಾಸಣಾ ಪ್ರವಾಸದಲ್ಲಿದ್ದಾಗಲೇ ಆಂಪೇರರು 1836ರ ಜೂನ್ 10ರಂದು ಮಾರ್ಸೇಯಲ್ಲಿ ನಿಧನರಾದರು. ಪ್ಯಾರಿಸಿನ ಮೋಂಮಾರ್ತ್ರ್ ಸ್ಮಶಾನದಲ್ಲಿರುವ ಅವರ ಸಮಾಧಿಯ ಮೇಲೆ ಲ್ಯಾಟಿನ್ ಭಾಷೆಯ ಎರಡೇ ಪದಗಳಿವೆ: ತಾಂದೆಂ ಫೇಲಿಕ್ಸ್. ‘ಕೊನೆಗೂ ಸುಖಿ’ ಎಂದು ಅದರರ್ಥ. ತಂದೆಯನ್ನು, ಮಡದಿಯನ್ನು, ಕೆಲಕಾಲ ವಿಶ್ವಾಸವನ್ನೂ ಕಳೆದುಕೊಂಡವರ ಸಮಾಧಿಗೆ ಆ ‘ಕೊನೆಗೂ’ ಎಂಬ ಪದ ಎಷ್ಟು ತಕ್ಕುದು!

ಸಂಶಯಪಡುವ ಮಗನನ್ನು ಗದರಿಸುವ ಮುನ್ನ ನಾವು ಈ ಬದುಕನ್ನು ನೆನೆಯೋಣ. ಆಂಪೇರರು ಅಂದು ಯಾರಿಗೂ ಪಾಠ ಹೇಳಲೆಂದು ಮೊಣಕಾಲೂರಿರಲಿಲ್ಲ. ನಾವು ಪ್ರಾರ್ಥಿಸುವಾಗ ಹಿಂದೆ ನಿಂತು ನೋಡುತ್ತಿರುವವರು ಯಾರೆಂಬುದು ನಮಗೆ ತಿಳಿಯದು.