ಬ್ಲ್ಯಾಕ್ ಹಿಲ್ಸ್‌ನ ಚಿನ್ನ, ಮುರಿದ ಒಪ್ಪಂದ

ಅಮೆರಿಕದ ದಕ್ಷಿಣ ಡಕೋಟಾ ಮತ್ತು ವಯೋಮಿಂಗ್ ರಾಜ್ಯಗಳ ಗಡಿಯಲ್ಲಿ, ಮರಗಳೇ ಇಲ್ಲದ ವಿಶಾಲ ಹುಲ್ಲುಬಯಲಿನ ನಡುವೆ, ದಟ್ಟವಾದ ಪೈನ್ ಕಾಡಿನಿಂದಾಗಿ ದೂರಕ್ಕೆ ಕಪ್ಪಾಗಿ ತೋರುವ ಬೆಟ್ಟಸಾಲಿಗೆ ಬ್ಲ್ಯಾಕ್ ಹಿಲ್ಸ್ ಎಂಬ ಹೆಸರಿದೆ. ಆ ನಾಡಿನ ಮೂಲನಿವಾಸಿಗಳಾದ ಲಕೋಟಾ ಜನರು ಅದನ್ನು ಪಹಾ ಸಾಪಾ ಎನ್ನುತ್ತಾರೆ. ತಮ್ಮ ಪೂರ್ವಿಕರು ನೆಲದೊಡಲಿನಿಂದ ಹೊರಬಂದದ್ದು ಅಲ್ಲಿಯೇ ಎಂಬುದು ಅವರ ನಂಬಿಕೆ. ಈ ಬೆಟ್ಟಗಳಲ್ಲಿ 1874ರಲ್ಲಿ ಆರಂಭವಾದ ಚಿನ್ನದ ಹುಡುಕಾಟವನ್ನು ಸಿನಿಮಾಗಳೂ ಜನಪ್ರಿಯ ಪುಸ್ತಕಗಳೂ ಜೂಜು, ಪಿಸ್ತೂಲು ಮತ್ತು ಹೆಂಡದಂಗಡಿಗಳ ರೋಚಕ ಕಥೆಯಾಗಿ ಚಿತ್ರಿಸಿರುವುದರಿಂದ, ಆ ಬೇಟೆಯ ಹಿಂದಿದ್ದ ದುರಾಸೆಯೆಂದರೆ ಗುದ್ದಲಿ ಹಿಡಿದು ಬಂದ ಬಡಪಾಯಿಗಳ ದುರಾಸೆಯೆಂದೇ ಬಹುಮಂದಿ ಭಾವಿಸುತ್ತಾರೆ. ಆದರೆ ಅಂದಿನ ಸರ್ಕಾರಿ ದಾಖಲೆಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದವರಿಗೆ, ಅತಿ ದೊಡ್ಡ ದ್ರೋಹ ನಡೆದದ್ದು ಗಣಿಗಾರರ ಗುಡಾರಗಳಲ್ಲಲ್ಲ, ವಾಷಿಂಗ್ಟನ್ನಿನ ಕಚೇರಿಗಳಲ್ಲಿ ಎಂಬುದು ಸಂದೇಹಕ್ಕೆಡೆಯಿಲ್ಲದಂತೆ ಮನವರಿಕೆಯಾಗುತ್ತದೆ.

ಈ ಕಥೆಯ ಬೇರು 1868ರ ಫೋರ್ಟ್ ಲಾರಮಿ ಒಪ್ಪಂದದಲ್ಲಿದೆ. ಮೊಂಟಾನಾದ ಚಿನ್ನದ ನೆಲೆಗಳತ್ತ ಹೊರಟವರಿಗಾಗಿ ಸೇನೆಯು ಲಕೋಟಾ ಜನರ ಬೇಟೆಯ ನೆಲದ ಮಧ್ಯದಲ್ಲಿಯೇ ಬೋಜ್‌ಮನ್ ದಾರಿಯುದ್ದಕ್ಕೂ ಕೋಟೆಗಳನ್ನು ಕಟ್ಟಿದಾಗ, ರೆಡ್ ಕ್ಲೌಡ್ ಎಂಬ ನಾಯಕನ ಮುಂದಾಳತ್ವದಲ್ಲಿ ಎರಡು ವರ್ಷ ಯುದ್ಧ ನಡೆಯಿತು. 1866ರ ಡಿಸೆಂಬರಿನಲ್ಲಿ ಫೆಟರ್‌ಮನ್ ಎಂಬ ಅಧಿಕಾರಿಯೂ ಅವನ ಜೊತೆಗಿದ್ದ 80 ಮಂದಿಯೂ ಒಂದೇ ಕಾಳಗದಲ್ಲಿ ಹತರಾದರು. ಕೊನೆಗೆ ಸರ್ಕಾರವೇ ಮಣಿದು ಕೋಟೆಗಳನ್ನು ತೆರವುಗೊಳಿಸಿ, ಮಿಸೌರಿ ನದಿಯ ಪಶ್ಚಿಮಕ್ಕಿರುವ ಇಂದಿನ ದಕ್ಷಿಣ ಡಕೋಟಾದ ಭಾಗವನ್ನು, ಬ್ಲ್ಯಾಕ್ ಹಿಲ್ಸ್ ಸಮೇತ, ಆ ಜನರ ಮೀಸಲು ಪ್ರದೇಶವೆಂದು ಒಪ್ಪಿಕೊಂಡಿತು. ಮೀಸಲು ಪ್ರದೇಶವೆಂದರೆ ಒಂದು ಸಮುದಾಯದ ಬಳಕೆಗೆಂದೇ ಗುರುತಿಸಿದ, ಹೊರಗಿನವರು ಅಪ್ಪಣೆಯಿಲ್ಲದೆ ಕಾಲಿಡಬಾರದಾದ ನೆಲ. ಒಪ್ಪಂದದ 12ನೆಯ ವಿಧಿಯಲ್ಲಿ ಇನ್ನೊಂದು ಮುಖ್ಯ ಮಾತಿತ್ತು: ವಯಸ್ಕ ಪುರುಷರಲ್ಲಿ ಮುಕ್ಕಾಲು ಪಾಲು ಮಂದಿ ಸಹಿ ಹಾಕದ ಹೊರತು ಆ ನೆಲದ ಯಾವ ಭಾಗವನ್ನು ಬಿಟ್ಟುಕೊಟ್ಟರೂ ಅದು ಸಿಂಧುವಾಗುವುದಿಲ್ಲ. ಈ ಷರತ್ತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಮುಂದಿನ ನೂರು ವರ್ಷಗಳ ವ್ಯಾಜ್ಯವೆಲ್ಲ ಇದರ ಸುತ್ತಲೇ ಹೆಣೆದುಕೊಂಡಿದೆ.

1873ರ ಸೆಪ್ಟೆಂಬರಿನಲ್ಲಿ ರೈಲುದಾರಿಗಳಿಗೆ ಹಣ ಹೂಡಿದ್ದ ಜೇ ಕುಕ್‌ನ ಬ್ಯಾಂಕು ಮುಳುಗಿ, ದೇಶದಾದ್ಯಂತ ಆರ್ಥಿಕ ಕುಸಿತವುಂಟಾಗಿ, ಲಕ್ಷಾಂತರ ಜನ ಕೆಲಸ ಕಳೆದುಕೊಂಡರು. ಹೊಸ ಚಿನ್ನದ ನೆಲೆಯೊಂದು ಸಿಕ್ಕೀತೆಂಬ ಸುದ್ದಿಗೆ ಅಂಥ ಕಾಲದಲ್ಲಿ ಎಷ್ಟು ಬಲವಿರುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. 1874ರ ಜುಲೈ 2ರಂದು ಜಾರ್ಜ್ ಆರ್ಮ್‌ಸ್ಟ್ರಾಂಗ್ ಕಸ್ಟರ್ ಎಂಬ ಸೇನಾಧಿಕಾರಿ ಸಾವಿರಕ್ಕೂ ಹೆಚ್ಚು ಮಂದಿಯನ್ನೂ ಸುಮಾರು 110 ಬಂಡಿಗಳನ್ನೂ ಕಟ್ಟಿಕೊಂಡು ಬ್ಲ್ಯಾಕ್ ಹಿಲ್ಸ್ ಕಡೆಗೆ ಹೊರಟನು. ಕೋಟೆ ಕಟ್ಟಲು ತಕ್ಕ ಜಾಗ ನೋಡುವುದು ಈ ಯಾತ್ರೆಯ ಘೋಷಿತ ಉದ್ದೇಶವಾಗಿದ್ದರೂ, ಜೊತೆಯಲ್ಲಿ ಇಬ್ಬರು ಅನುಭವಿ ಗಣಿಗಾರರೂ ಪತ್ರಿಕಾ ವರದಿಗಾರರೂ ಇದ್ದರೆಂಬುದು ಬೇರೆಯದೇ ಉದ್ದೇಶವನ್ನು ಸೂಚಿಸುತ್ತದೆ. ಜುಲೈ ಕೊನೆಯ ಹೊತ್ತಿಗೆ ಫ್ರೆಂಚ್ ಕ್ರೀಕ್ ಎಂಬ ತೊರೆಯಲ್ಲಿ ಆ ಗಣಿಗಾರರಿಗೆ ಚಿನ್ನದ ಕೆಲವು ಕಣಗಳು ಕಂಡವು. ತಂಡದಲ್ಲಿದ್ದ ಭೂವಿಜ್ಞಾನಿ ನ್ಯೂಟನ್ ವಿಂಚೆಲ್, ತಾನು ಕಣ್ಣಾರೆ ಚಿನ್ನ ನೋಡಲಿಲ್ಲವೆಂದು ಹೇಳಿದನು. ಪತ್ರಿಕೆಗಳು ಆ ಮಾತಿಗೆ ಕಿವಿಗೊಡದೆ, ಹುಲ್ಲಿನ ಬೇರಿನಿಂದಲೇ ಚಿನ್ನ ಆರಂಭವಾಗುತ್ತದೆಂದು ಸಾರಿದವು. ಲಕೋಟಾ ಜನ ಕಸ್ಟರ್ ನಡೆದ ಆ ಹಾದಿಯನ್ನು ಕಳ್ಳರ ದಾರಿ ಎಂದು ಕರೆದರು.

ಇಲ್ಲಿ ಚಿನ್ನ ಸಿಗುವ ಎರಡು ಬಗೆಗಳನ್ನು ತಿಳಿದುಕೊಳ್ಳುವುದು ಅಗತ್ಯ, ಏಕೆಂದರೆ ಯಾರ ದುರಾಸೆಗೆ ಎಷ್ಟು ಫಲ ಸಿಕ್ಕಿತೆಂಬುದನ್ನು ನಿರ್ಧರಿಸಿದ್ದು ಈ ವ್ಯತ್ಯಾಸವೇ. ಬಂಡೆ ಸವೆದು ನೀರಿನೊಡನೆ ಕೊಚ್ಚಿಬಂದು ತೊರೆಯ ಮರಳಿನಲ್ಲಿ ನಿಂತ ಕಣಚಿನ್ನವನ್ನು, ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ಮಾಡುತ್ತಿದ್ದಂತೆ, ಒಬ್ಬ ಮನುಷ್ಯ ಒಂದು ತಟ್ಟೆಯಲ್ಲಿ ತೊಳೆದು ತೆಗೆಯಬಹುದು. ಬಂಡೆಯೊಳಗೇ ಹುದುಗಿರುವ ಅದಿರುಚಿನ್ನಕ್ಕಾದರೋ ಸುರಂಗ, ಅದಿರು ಅರೆಯುವ ಯಂತ್ರ, ನೂರಾರು ಕೂಲಿಗಳು ಮತ್ತು ದೊಡ್ಡ ಬಂಡವಾಳ ಬೇಕು. ಬಡವರನ್ನು ಬ್ಲ್ಯಾಕ್ ಹಿಲ್ಸ್‌ಗೆ ಸೆಳೆದದ್ದು ಮೊದಲನೆಯದು. ಕೊನೆಗೆ ಉಳಿದದ್ದು ಎರಡನೆಯದು.

1874ರ ಚಳಿಗಾಲದಲ್ಲಿಯೇ ಅಯೋವಾದಿಂದ ಚಿನ್ನ ಹುಡುಕಿ ಹೊರಟ ಗಾರ್ಡನ್ ತಂಡ ಫ್ರೆಂಚ್ ಕ್ರೀಕ್ ದಡದಲ್ಲಿ ಮರದ ದಿಮ್ಮಿಗಳ ಬೇಲಿ ಕಟ್ಟಿ ಬೀಡುಬಿಟ್ಟಿತು. ಮರುವರ್ಷದ ಏಪ್ರಿಲಿನಲ್ಲಿ ಸೇನೆ ಅವರನ್ನು ಹೊರಗಟ್ಟಿತು. 1875ರ ಬೇಸಿಗೆಯಲ್ಲಿ ಜನರಲ್ ಕ್ರೂಕ್ ಕೂಡ ಒಳನುಗ್ಗಿದವರನ್ನು ಹೊರಡಿಸಿದನು. ಒಪ್ಪಂದವನ್ನು ಕಾಯುವ ಕೆಲಸ ಆಗ ನಡೆದಿತ್ತು, ಮನಸ್ಸಿಟ್ಟಿದ್ದರೆ ಮುಂದುವರಿಸುವುದೂ ಸಾಧ್ಯವಿತ್ತು ಎಂಬುದಕ್ಕೆ ಇವೆರಡೇ ಸಾಕ್ಷಿ. ಆದರೆ ಅದೇ ಸೆಪ್ಟೆಂಬರಿನಲ್ಲಿ ಸರ್ಕಾರ ಸೆನೆಟರ್ ಆಲಿಸನ್ ನೇತೃತ್ವದ ಆಯೋಗವನ್ನು ಕಳುಹಿಸಿ, ಬೆಟ್ಟಗಳನ್ನು ವರ್ಷಕ್ಕೆ 4 ಲಕ್ಷ ಡಾಲರಿಗೆ ಗುತ್ತಿಗೆ ಕೊಡುವಂತೆ, ಇಲ್ಲವೇ 60 ಲಕ್ಷ ಡಾಲರಿಗೆ ಮಾರುವಂತೆ ಕೇಳಿತು. ರೆಡ್ ಕ್ಲೌಡ್ ತನ್ನ ಜನರ ಮುಂದಿನ ಏಳು ತಲೆಮಾರುಗಳ ಪೋಷಣೆಯ ಭರವಸೆ ಬೇಡಿದನು. ಮಾರಾಟವೇ ಬೇಡವೆಂಬ ಗುಂಪಿನ ಲಿಟ್ಲ್ ಬಿಗ್ ಮ್ಯಾನ್ ಎಂಬ ಯೋಧ, ನೆಲ ಮಾರುವ ಮಾತೆತ್ತುವ ಮೊದಲ ನಾಯಕನನ್ನು ಕೊಲ್ಲುವುದಾಗಿ ಸಭೆಯ ನಡುವೆಯೇ ಗುಡುಗಿದನು. ಆಯೋಗ ಬರಿಗೈಯಲ್ಲಿ ಹಿಂದಿರುಗಿತು.

ಆ ಬಳಿಕ ನಡೆದದ್ದು ಈ ಇಡೀ ಪ್ರಕರಣದ ಹೃದಯಭಾಗ. 1875ರ ನವೆಂಬರ್ 3ರಂದು ಅಧ್ಯಕ್ಷ ಯುಲಿಸಿಸ್ ಗ್ರಾಂಟ್ ಶ್ವೇತಭವನದಲ್ಲಿ ಯುದ್ಧ ಕಾರ್ಯದರ್ಶಿ ಬೆಲ್‌ನಪ್, ಒಳಾಡಳಿತ ಕಾರ್ಯದರ್ಶಿ ಚಾಂಡ್ಲರ್, ಜನರಲ್‌ಗಳಾದ ಶೆರಿಡನ್ ಮತ್ತು ಕ್ರೂಕ್ ಇವರೊಡನೆ ಗುಟ್ಟಾಗಿ ಸಮಾಲೋಚನೆ ನಡೆಸಿದನು. ಗಣಿಗಾರರು ಬೆಟ್ಟಗಳಿಗೆ ಹೋಗಬಾರದೆಂಬ ಆಜ್ಞೆಯನ್ನು ರದ್ದುಮಾಡುವುದು ಬೇಡ, ಆದರೆ ಹೋಗುವವರನ್ನು ಸೇನೆ ಇನ್ನು ತಡೆಯುವುದೂ ಬೇಡ ಎಂದು ಅಲ್ಲಿ ತೀರ್ಮಾನವಾಯಿತು. ಕೆಲವೇ ದಿನಗಳಲ್ಲಿ ಶೆರಿಡನ್ ಇದನ್ನು ಗೋಪ್ಯ ಪತ್ರವೊಂದರಲ್ಲಿ ಜನರಲ್ ಟೆರಿಗೆ ತಿಳಿಸಿದನು. ಒಪ್ಪಂದವನ್ನು ಬಹಿರಂಗವಾಗಿ ಮುರಿದಿದ್ದರೆ ಸರ್ಕಾರ ದೇಶಕ್ಕೆ ಕಾರಣ ಹೇಳಬೇಕಾಗುತ್ತಿತ್ತು, ಸಂಸತ್ತಿನಲ್ಲಿ ಪ್ರಶ್ನೆಗಳೇಳುತ್ತಿದ್ದವು. ಕಾಗದದ ಮೇಲೆ ಆಜ್ಞೆಯನ್ನು ಜೀವಂತವಾಗಿಟ್ಟು ಅದರ ಉಸಿರನ್ನು ನಿಲ್ಲಿಸಿದ್ದರಿಂದ, ಮುರಿದವರಾರೆಂದು ಯಾರೂ ಬೆರಳು ತೋರಿಸಲಾಗದ ಸ್ಥಿತಿ ನಿರ್ಮಾಣವಾಯಿತು. ಕಾವಲಿಗೆ ನಿಂತವನೇ ಬೇಕೆಂದೇ ಕಣ್ಣು ಮುಚ್ಚುವ ಈ ಬಗೆಯ ದ್ರೋಹ ಒಳನುಗ್ಗಿದವನ ಕಳ್ಳತನಕ್ಕಿಂತ ಹೆಚ್ಚು ಹೀನವಾದದ್ದು, ಏಕೆಂದರೆ ಕಳ್ಳನನ್ನು ನಂಬಿ ಯಾರೂ ಸಹಿ ಹಾಕಿರಲಿಲ್ಲ.

ಬೇಟೆಗೆಂದು ಮೀಸಲಿನಿಂದ ಹೊರಗಿದ್ದ ಗುಂಪುಗಳೆಲ್ಲ 1876ರ ಜನವರಿ 31ರೊಳಗೆ ಸರ್ಕಾರದ ನೆಲೆಗಳಿಗೆ ಬಂದು ಸೇರಬೇಕು, ತಪ್ಪಿದರೆ ಅವರನ್ನು ಶತ್ರುಗಳೆಂದು ಪರಿಗಣಿಸಲಾಗುವುದು ಎಂಬ ಆಜ್ಞೆಯೂ ಬೆನ್ನಲ್ಲೇ ಹೊರಟಿತು. ನಡುಚಳಿಗಾಲದ ಹಿಮದಲ್ಲಿ ಹೆಂಗಸರು ಮಕ್ಕಳೊಡನೆ ಅಷ್ಟು ದೂರ ನಡೆದುಬರುವುದು ಆಗದ ಮಾತಾಗಿತ್ತು. ಯುದ್ಧ ಆರಂಭವಾಯಿತು, ಜೂನ್ 25ರಂದು ಲಿಟ್ಲ್ ಬಿಗ್‌ಹಾರ್ನ್ ನದಿಯ ಬಳಿ ಕಸ್ಟರ್ ಮತ್ತು ಅವನೊಡನಿದ್ದ ಸುಮಾರು 210 ಮಂದಿ ಹತರಾದರು. ಆ ಕದನದ ಬಗ್ಗೆ ಬಂದಿರುವ ಪುಸ್ತಕಗಳಿಗೆ ಲೆಕ್ಕವಿಲ್ಲ. ಅದಾದ ಎರಡೇ ತಿಂಗಳಲ್ಲಿ, ಆಗಸ್ಟ್ 15ರಂದು, ಸಂಸತ್ತು ಅಂಗೀಕರಿಸಿದ ಕಾನೂನಿಗೆ ಅದರ ನೂರರಲ್ಲೊಂದು ಗಮನವೂ ಸಿಕ್ಕಿಲ್ಲ. ಬ್ಲ್ಯಾಕ್ ಹಿಲ್ಸ್ ಬಿಟ್ಟುಕೊಡುವ ತನಕ ಪಡಿತರಕ್ಕೆ ಹಣ ಕೊಡುವುದಿಲ್ಲವೆಂಬುದು ಅದರ ಸಾರ. ಕಾಡೆಮ್ಮೆಗಳ ಹಿಂಡು ಕರಗಿ, ಬೇಟೆ ನಿಂತು, ಸರ್ಕಾರದ ಹಿಟ್ಟು ಮಾಂಸಗಳನ್ನೇ ನಂಬಿ ಬದುಕುತ್ತಿದ್ದ ಜನರ ಮುಂದೆ ಈ ಷರತ್ತನ್ನಿಟ್ಟ ಮ್ಯಾನಿಪೆನ್ನಿ ಆಯೋಗಕ್ಕೆ ಸಿಕ್ಕ ಸಹಿಗಳು ವಯಸ್ಕ ಪುರುಷರಲ್ಲಿ ನೂರಕ್ಕೆ ಹತ್ತರಷ್ಟು ಮಂದಿಯವು ಮಾತ್ರ. ಹಸಿವೆಯನ್ನು ಮುಂದಿಟ್ಟರೂ ಮುಕ್ಕಾಲು ಪಾಲು ಒಪ್ಪಿಗೆ ದೊರೆಯದಿದ್ದಾಗ, 1877ರ ಫೆಬ್ರವರಿ 28ರಂದು ಸಂಸತ್ತು ತಾನೇ ಕಾನೂನು ಮಾಡಿ ಬೆಟ್ಟಗಳನ್ನು ಕಿತ್ತುಕೊಂಡಿತು.

ದ್ರೋಹ ಒಮ್ಮೆ ಮೇಲಿನಿಂದ ಇಳಿಯತೊಡಗಿದರೆ ಒಡಹುಟ್ಟಿದವರ ನಡುವೆಯೂ ಹಬ್ಬುತ್ತದೆ. ಶರಣಾಗಿ ಬಂದಿದ್ದ ಕ್ರೇಜಿ ಹಾರ್ಸ್ ಎಂಬ ಹೆಸರಾಂತ ಯೋಧನನ್ನು 1877ರ ಸೆಪ್ಟೆಂಬರ್ 5ರಂದು ಸೆರೆಮನೆಗೆ ಒಯ್ಯುವಾಗ, ಆತ ಕೊಸರಿಕೊಳ್ಳಲು ಯತ್ನಿಸಿದ ಗಳಿಗೆಯಲ್ಲಿ ತೋಳುಗಳನ್ನು ಹಿಡಿದಿದ್ದವನು ಎರಡು ವರ್ಷದ ಹಿಂದೆ ಸಭೆಯಲ್ಲಿ ಗುಡುಗಿದ್ದ ಅದೇ ಲಿಟ್ಲ್ ಬಿಗ್ ಮ್ಯಾನ್. ಸೈನಿಕನೊಬ್ಬನ ಬಂದೂಕಿನ ತುದಿಯ ಈಟಿ ಕ್ರೇಜಿ ಹಾರ್ಸ್‌ನನ್ನು ತಿವಿಯಿತು, ಆತ ಆ ರಾತ್ರಿಯೇ ತೀರಿಕೊಂಡನು. ಲಿಟ್ಲ್ ಬಿಗ್ ಮ್ಯಾನ್‌ನನ್ನು ಖಳನೆಂದು ಬದಿಗೆ ಸರಿಸುವುದು ಸುಲಭ. ಸೋತು, ಅನ್ನಕ್ಕಾಗಿ ಗೆದ್ದವರ ಕೈ ನೋಡುವಂತಾದ ಸಮುದಾಯದಲ್ಲಿ ನಿಷ್ಠೆಗಳು ಹೇಗೆ ಮುರಿಯುತ್ತವೆಂಬುದನ್ನು ಅವನ ಬದುಕು ತೋರಿಸುತ್ತದೆ.

ಇತ್ತ ಬೆಟ್ಟಗಳಲ್ಲಿ ಡೆಡ್‌ವುಡ್ ಎಂಬ ಊರೆದ್ದಿತ್ತು. 1876ರ ಆಗಸ್ಟ್ 2ರಂದು ಅಲ್ಲಿ ಇಸ್ಪೀಟಾಡುತ್ತಿದ್ದ ವೈಲ್ಡ್ ಬಿಲ್ ಹಿಕಾಕ್ ಎಂಬ ಹೆಸರಾಂತ ಪಿಸ್ತೂಲುಗಾರನನ್ನು ಹಿಂದಿನಿಂದ ಗುಂಡಿಕ್ಕಿ ಕೊಂದ ಜಾಕ್ ಮೆಕಾಲ್‌ನನ್ನು ಗಣಿಗಾರರ ನ್ಯಾಯಮಂಡಲಿ ಬಿಡುಗಡೆ ಮಾಡಿತು. ಆದರೆ ಡೆಡ್‌ವುಡ್ ಲಕೋಟಾ ಜನರ ನೆಲದಲ್ಲಿ ಅಕ್ರಮವಾಗಿ ಎದ್ದ ಊರಾದ್ದರಿಂದ ಆ ಮಂಡಲಿಗೆ ಅಧಿಕಾರವೇ ಇಲ್ಲವೆಂದು ಆತನನ್ನು ಯಾಂಕ್ಟನ್‌ನಲ್ಲಿ ಮತ್ತೆ ವಿಚಾರಣೆಗೊಳಪಡಿಸಿ, 1877ರ ಮಾರ್ಚ್ 1ರಂದು ಗಲ್ಲಿಗೇರಿಸಲಾಯಿತು. ಒಬ್ಬ ಕೊಲೆಗಾರನನ್ನು ಶಿಕ್ಷಿಸುವಾಗ ಒಪ್ಪಂದದ ಗಡಿ ನೆನಪಿಗೆ ಬಂದಿತು. ಇಡೀ ಊರನ್ನು ತೆರವುಗೊಳಿಸಬೇಕಾಗಿದ್ದಾಗ ಬರಲಿಲ್ಲ.

ತೊರೆಗಳ ಕಣಚಿನ್ನ ಬೇಗನೆ ಮುಗಿಯಿತು. ಮ್ಯಾನುಯೆಲ್ ಸಹೋದರರು ಮತ್ತು ಅವರ ಜೊತೆಗಾರರು ಗುರುತಿಸಿದ್ದ ಹೋಮ್‌ಸ್ಟೇಕ್ ಎಂಬ ಅದಿರಿನ ಪಟ್ಟಿಯನ್ನು ಕ್ಯಾಲಿಫೋರ್ನಿಯಾದ ಬಂಡವಾಳಗಾರ ಜಾರ್ಜ್ ಹರ್ಸ್ಟ್ ಮತ್ತು ಅವನ ಪಾಲುದಾರರು 1877ರಲ್ಲಿ 70,000 ಡಾಲರಿಗೆ ಕೊಂಡರು. 2002ರಲ್ಲಿ ಮುಚ್ಚುವ ವೇಳೆಗೆ ಆ ಗಣಿ 1,200 ಟನ್ನಿಗೂ ಹೆಚ್ಚು ಚಿನ್ನವನ್ನು ಕೊಟ್ಟಿತ್ತು. ಅದಕ್ಕೆ ಒಂದು ವರ್ಷ ಮೊದಲು ಬಾಗಿಲು ಹಾಕಿದ ಕೋಲಾರದ ಗಣಿಗಳೊಂದಿಗೆ ಇದಕ್ಕೊಂದು ನಂಟಿದೆ: ಯಾವ ವಸ್ತುವನ್ನಾದರೂ ತೂರಿಹೋಗುವ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳನ್ನು ಹಿಡಿಯುವ ಆರಂಭದ ಪ್ರಯೋಗಗಳು 1960ರ ದಶಕದಲ್ಲಿ ಈ ಎರಡೂ ಗಣಿಗಳ ಆಳದಲ್ಲಿ ನಡೆದವು.

ಲಕೋಟಾ ಮತ್ತು ಅವರ ಸೋದರ ಸಮುದಾಯಗಳು 1923ರಲ್ಲಿ ಹೂಡಿದ ದಾವೆ 1942ರಲ್ಲಿ ವಜಾಗೊಂಡಿತು, ಮತ್ತೆ ಜೀವ ಪಡೆಯಿತು. 1980ರ ಜೂನ್ 30ರಂದು ಅಮೆರಿಕದ ಸುಪ್ರೀಂ ಕೋರ್ಟ್ ಎಂಟು–ಒಂದರ ಬಹುಮತದಿಂದ, ಬೆಟ್ಟಗಳನ್ನು ನ್ಯಾಯಯುತ ಪರಿಹಾರವಿಲ್ಲದೆ ಕಸಿದುಕೊಳ್ಳಲಾಗಿದೆಯೆಂದು ಒಪ್ಪಿ, 1877ರ ಬೆಲೆಯಾದ 1.71 ಕೋಟಿ ಡಾಲರಿಗೆ ಬಡ್ಡಿ ಸೇರಿಸಿ 10 ಕೋಟಿಗೂ ಹೆಚ್ಚು ಡಾಲರ್ ಕೊಡಬೇಕೆಂದು ತೀರ್ಪಿತ್ತಿತು. ದೇಶದ ಅತಿ ಬಡ ಜಿಲ್ಲೆಗಳ ಸಾಲಿನಲ್ಲಿರುವ ಪೈನ್ ರಿಜ್‌ನಂಥ ಕಡೆ ಬದುಕುವ ಈ ಜನ, ಹಣ ಮುಟ್ಟಿದರೆ ಮಾರಾಟಕ್ಕೆ ಒಪ್ಪಿದಂತಾಗುತ್ತದೆಂದು ಅದನ್ನು ನಿರಾಕರಿಸಿದರು; ಬಡ್ಡಿಯೊಡನೆ ಬೆಳೆದು ನೂರು ಕೋಟಿ ಡಾಲರ್ ದಾಟಿರುವ ಆ ಮೊತ್ತ ಇನ್ನೂ ಸರ್ಕಾರದ ಖಜಾನೆಯಲ್ಲಿಯೇ ಇದೆ. 2012ರಲ್ಲಿ ಬ್ಲ್ಯಾಕ್ ಹಿಲ್ಸ್ ನಡುವಿನ ಪೆ ಸ್ಲಾ ಎಂಬ ಪವಿತ್ರ ಹುಲ್ಲುಗಾವಲಿನ ಒಂದು ಭಾಗ ಖಾಸಗಿ ಒಡೆಯರಿಂದ ಮಾರಾಟಕ್ಕೆ ಬಂದಾಗ, ಹಲವು ಬುಡಕಟ್ಟುಗಳು ತಮ್ಮತಮ್ಮಲ್ಲಿ ಹಣ ಕೂಡಿಸಿ, ಸುಮಾರು 1,900 ಎಕರೆಯನ್ನು 90 ಲಕ್ಷ ಡಾಲರಿಗೆ ಕೊಂಡುಕೊಂಡವು.