ಗುಡ್ಡದ ದಾರಿಯಿಂದ ಮೊಬೈಲ್ ಪರದೆಗೆ

ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡ ಭಂಡಾರದಲ್ಲಿ ಮಿಂದೇಳುತ್ತದೆ. ಈ ದೇವಿಯ ಹೆಸರಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರಾಗಿಸುವುದನ್ನು ತಡೆಯುವ ಕಾಯ್ದೆ 1982ರಲ್ಲಿ ರೂಪುಗೊಂಡಿತು. ಆಮೇಲೆ ಪದ್ಧತಿಯೂ ಅದರೊಂದಿಗೆ ಬೆಸೆದುಕೊಂಡಿದ್ದ ಲೈಂಗಿಕ ವೃತ್ತಿಯೂ ಗುಟ್ಟಿಗೆ ಇಳಿದವು. ಎಚ್‌ಐವಿ ಹರಡತೊಡಗಿದಾಗ, ಗುಟ್ಟಿನಲ್ಲಿ ಬದುಕುವವರನ್ನು ತಲುಪುವುದು ಹೇಗೆಂಬುದೇ ಸಂಶೋಧಕರ ಮೊದಲ ಚಿಂತೆಯಾಯಿತು.

ದಾರಿ ತೋರಿದವರು ಅದೇ ಹೆಣ್ಣುಮಕ್ಕಳು. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ 2003ರಲ್ಲಿ ಹುಟ್ಟಿತು. ಗೇಟ್ಸ್ ಪ್ರತಿಷ್ಠಾನದ ಎಚ್‌ಐವಿ ತಡೆಯ ‘ಆವಾಹನ್’ ಯೋಜನೆಯೂ ಆ ವರ್ಷವೇ ಶುರುವಾಯಿತು. ಈ ಕೆಲಸದಲ್ಲಿ ಸಮುದಾಯದ ಒಳಗಿನವರೇ ‘ಪೀರ್’ಗಳಾಗಿ ಬಸ್ ನಿಲ್ದಾಣ, ಲಾಡ್ಜ್, ಕೇರಿಯ ಮನೆ, ಹೀಗೆ ಯಾವ ಹೊತ್ತಿಗೆ ಎಲ್ಲಿ ಯಾರು ಸಿಗುತ್ತಾರೆಂದು ಹೇಳಿದರು. ಹಾಗೆ ಸಿದ್ಧವಾದ ಪಟ್ಟಿಯಿಂದ, ಚೀಟಿ ಎತ್ತಿದಂತೆ, ಸಂಶೋಧಕರು ಜಾಗ ಮತ್ತು ಹೊತ್ತನ್ನು ಆರಿಸಿಕೊಂಡರು. ಹೆಸರು ಬರೆದುಕೊಳ್ಳದೆ ರಕ್ತ, ಮೂತ್ರದ ಮಾದರಿ ಪಡೆದರು. 2005ರ ಸುಮಾರಿನ ಆ ಸಮೀಕ್ಷೆಯಲ್ಲಿ ಬೆಳಗಾವಿ ಜಿಲ್ಲೆಯ ಲೈಂಗಿಕ ವೃತ್ತಿಯ ಮಹಿಳೆಯರಲ್ಲಿ ಮೂವರಿಗೊಬ್ಬರಂತೆ ಸೋಂಕು ಕಂಡಿತು. ಈ ಲೆಕ್ಕ ಓದಿದಾಗಲೆಲ್ಲ ನನಗೆ ನೆನಪಾಗುವುದು ಅಂಕಿಯಲ್ಲ, ಮುಂಗೈ ಚಾಚಿದ ಆ ಹೆಂಗಸರ ಧೈರ್ಯ.

ಅಷ್ಟರಲ್ಲಿ ಮೊಬೈಲ್ ಬಂತು. ಕರೆಯಲ್ಲೇ ಭೇಟಿ ನಿಗದಿಯಾಗತೊಡಗಿದ ಮೇಲೆ ನಿಲ್ದಾಣದ ಕಟ್ಟೆಯಲ್ಲಿ ಕಾಯುವ ಅಗತ್ಯ ಕಡಿಮೆಯಾಯಿತು; ಜಾಗದ ಪಟ್ಟಿ ಹಿಡಿದು ಹುಡುಕುವುದು ಕಷ್ಟವಾಯಿತು. ಗುಟ್ಟಿನಲ್ಲೇ ಬದುಕುವ ಇನ್ನೊಂದು ಗುಂಪಿಗೂ ಮೊಬೈಲೇ ದಾರಿಯಾಯಿತು: ಪುರುಷರು ಪುರುಷರನ್ನು ಹುಡುಕುವ ‘ಗ್ರೈಂಡರ್’ ಆ್ಯಪ್ ಶುರುವಾದದ್ದು 2009ರಲ್ಲಿ. ಲಾಸ್ ಏಂಜಲೀಸ್‌ನ ಸಂಶೋಧಕರು ಎಚ್‌ಐವಿ ತಡೆಯುವ ಜೆಲ್‌ನ ಅಧ್ಯಯನಕ್ಕೆ ಅದರಲ್ಲೇ ಜನರನ್ನು ಕರೆದು, 2012ರಲ್ಲಿ ಆ ಅನುಭವ ಪ್ರಕಟಿಸಿದರು. ನಮ್ಮಲ್ಲಿ ಪುರುಷರ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 6ರಂದು. ಅದಕ್ಕೂ ಮೊದಲು ಇಂಥ ಕರೆಗೆ ಓಗೊಡುವುದೆಂದರೆ ಕಾನೂನಿನ ಭಯವನ್ನೂ ನುಂಗಿಕೊಳ್ಳಬೇಕಿತ್ತು.

ಆ್ಯಪ್ ಎದುರಿನವರು ಎಷ್ಟು ದೂರದಲ್ಲಿದ್ದಾರೆಂದು ತೋರಿಸುತ್ತದೆ. ಬೆಂಗಳೂರಿನಲ್ಲಿ ‘ಅರ್ಧ ಕಿಲೋಮೀಟರ್’ ಎಂದರೆ ಸಾವಿರಾರು ಜನರ ನಡುವೆ ಒಬ್ಬರು. ಕಿತ್ತೂರಿನಲ್ಲೋ ರಾಮದುರ್ಗದ ಹಳ್ಳಿಯಲ್ಲೋ ಅದೇ ಅಂಕಿ ಒಂದು ಓಣಿಯನ್ನು, ಕೆಲವೊಮ್ಮೆ ಒಂದು ಮನೆಯನ್ನೇ ತೋರಿಸಿಬಿಡಬಹುದು. ಮೇಲಾಗಿ, ಕೈಯಲ್ಲಿ ಸ್ಮಾರ್ಟ್‌ಫೋನ್ ಇಲ್ಲದ ದೇವಿಗೆ ಬಿಟ್ಟ ನಡುವಯಸ್ಸಿನ ಜೋಗತಿ ಇಂಥ ಯಾವ ಪರದೆಯ ಮೇಲೂ ಎಂದೂ ಕಾಣುವುದಿಲ್ಲ. ಆ್ಯಪ್‌ನಲ್ಲಿ ಸಿಕ್ಕವರನ್ನಷ್ಟೇ ಎಣಿಸಿದರೆ ಅವಳ ಕಾಯಿಲೆ ಲೆಕ್ಕಕ್ಕೇ ಬರುವುದಿಲ್ಲ.

ಅವಳ ಮನೆ ಬಾಗಿಲು ಗೊತ್ತಿರುವುದು ಇಂದಿಗೂ ಆ ಪೀರ್‌ಗೇ. ತಾಲ್ಲೂಕು ಆಸ್ಪತ್ರೆಯ ಎಚ್‌ಐವಿ ಪರೀಕ್ಷಾ ಕೇಂದ್ರದ (ಐಸಿಟಿಸಿ) ಬೆಂಚಿನ ಮೇಲೆ, ರಿಪೋರ್ಟ್ ಬರುವವರೆಗೆ ಜೋಗತಿಯ ಪಕ್ಕ ಕೂರುವವಳೂ ಆ ಪೀರೇ.