ಊರು ಸುತ್ತುವಾಗ ಓಟ ಬಿಡಬೇಕೇ?

ದಸರಾ ಹೊತ್ತಿನ ಮೈಸೂರಿಗೆ ಹೊರಟ ಮ್ಯಾರಥಾನ್ ಓಟಗಾರರಿಗೆ ಒಂದೇ ಚಿಂತೆ: ತಿಂಗಳುಗಟ್ಟಲೆ ಬೆಳೆಸಿಕೊಂಡ ದಮ್ಮು ವಾರದ ತಿರುಗಾಟದಲ್ಲಿ ಕರಗಿಹೋದರೆ? ಈ ಭಯಕ್ಕೆ ಆಧಾರ ಕಡಿಮೆ. ಅಮೆರಿಕದ ರಾಬರ್ಟ್ ಹಿಕ್ಸನ್ 1980ರ ದಶಕದ ಮೊದಲರ್ಧದಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ವಾರಕ್ಕೆ 6 ದಿನ, ದಿನಕ್ಕೆ 40 ನಿಮಿಷ ಬೆವರಿಳಿಸುತ್ತಿದ್ದವರು ಅದನ್ನು ವಾರಕ್ಕೆ 2 ದಿನಕ್ಕೆ ಇಳಿಸಿದರೂ, 15 ವಾರಗಳವರೆಗೆ ಅವರ ದೇಹ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಹೆಚ್ಚುಕಡಿಮೆ ಹಾಗೇ ಉಳಿಯಿತು. ಅದು ಕುಗ್ಗಿದ್ದು ತೀವ್ರತೆಯನ್ನು ತಗ್ಗಿಸಿದಾಗ. ಹಾಗಾಗಿ ಪ್ರವಾಸದಲ್ಲಿ ಕಿಲೋಮೀಟರುಗಳನ್ನು ಬಿಟ್ಟುಕೊಡಬಹುದು, ಬಿರುಸನ್ನು ಬಿಡಬಾರದು.

ಅರಮನೆ, ಮೃಗಾಲಯ, ವಸ್ತುಪ್ರದರ್ಶನ ಎಂದು ದಿನವಿಡೀ ನಡೆಯುತ್ತೇವಲ್ಲ, ಅದು ಸಾಲದೇ ಎನ್ನುವವರುಂಟು. ಕಾಲು ದಣಿಯುತ್ತದೆ, ನಿಜ. ಆದರೆ ಜನಜಂಗುಳಿಯ ನಡಿಗೆಯಲ್ಲಿ ಎದೆಬಡಿತ ಓಟದ ಮಟ್ಟಕ್ಕೆ ಏರುವುದಿಲ್ಲ. ಆ ದಣಿವನ್ನು ಲೆಕ್ಕಕ್ಕೆ ಹಿಡಿದು ಓಟವನ್ನು ಚಿಕ್ಕದಾಗಿಸುವುದೇ ಸರಿ. ಬೆಳಕು ಹರಿಯುತ್ತಲೇ, ಪ್ರವಾಸಿ ಬಸ್ಸುಗಳು ರಸ್ತೆಗಿಳಿಯುವ ಮೊದಲು, ಚಾಮುಂಡಿ ಬೆಟ್ಟದ ಸಾವಿರದಷ್ಟು ಮೆಟ್ಟಿಲುಗಳಲ್ಲಿ ಒಂದು ಭಾಗವನ್ನು ಬಿರುಸಾಗಿ ಏರಿ ನಿಧಾನಕ್ಕೆ ಇಳಿದರೆ ಆ ದಿನದ ಕೆಲಸ ಮುಗಿದಂತೆ. ಮೆಟ್ಟಿಲು ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತ ಏರುವ ಭಕ್ತರಿಗೆ ದಾರಿ ಬಿಡುವುದು ಮಾತ್ರ ಓಟಗಾರನ ಕರ್ತವ್ಯ. ಇನ್ನೊಂದು ದಿನಕ್ಕೆ ಕುಕ್ಕರಹಳ್ಳಿ ಕೆರೆಯ ಸುತ್ತಿನ ದಾರಿಯಿದೆ. ಚಿಕ್ಕ ಓಟ ಸಾಲದು ಎಂಬ, ಸ್ಪರ್ಧೆ ಹತ್ತಿರವಿರುವವರ ಆಕ್ಷೇಪದಲ್ಲಿ ಹುರುಳಿದೆ: ಹಿಕ್ಸನ್ ಪ್ರಯೋಗದಲ್ಲೇ ದಿನದ ಅವಧಿಯನ್ನು 13 ನಿಮಿಷಕ್ಕೆ ಇಳಿಸಿದವರ ದೀರ್ಘಹೊತ್ತಿನ ತಾಳಿಕೆ ತಗ್ಗಿತ್ತು. ಅಂಥವರು ವಾರದ ಉದ್ದನೆಯ ಓಟವನ್ನು ಊರು ಬಿಡುವ ಮೊದಲೇ ಮುಗಿಸಿಕೊಳ್ಳಲಿ.